ಕೊಡಬಾರದ, ಕೊಡಬೇಕಾದ

ನಮ್ಮಕ್ಕನಿಗೆ ಮೆಡಿಕಲ್ ಕಾಲೇಜಿನಲ್ಲಿ ಎಲ್ಲರೂ ಜರಡಿ ಮೇಡಂ ಎನ್ನುತ್ತಾರೆ. ಔಷಧಶಾಸ್ತ್ರ ಕಲಿಸುತ್ತಾಳೆ. ಫಲಿತಾಂಶ ಬೋರ್ಡಿಗೆ ಬಿದ್ದಮೇಲೆ ಉಳಿದ ಮೇಷ್ಟರುಗಳು ಕೈ ತೊಳೆದುಕೊಂಡರೆ, ಇವಳ ಕೆಲಸ ಆಗ ಶುರು. ಹುಡುಗರ ಪರೀಕ್ಷೆ ಆಯಿತಲ್ಲ, ಇನ್ನು ಪ್ರಶ್ನೆಗಳಿಗೆ ಪರೀಕ್ಷೆ! ಒಂದೊಂದು ಪ್ರಶ್ನೆಯನ್ನೂ ಹಿಡಿದು, ತರಗತಿಯಲ್ಲಿ ಮುಂದಿರುವವರು ಎಷ್ಟು ಜನ ಸರಿ ಬರೆದರು, ಹಿಂದಿರುವವರು ಎಷ್ಟು ಜನ ಎಂದು ತಾಳೆ ನೋಡುತ್ತಾಳೆ. "ಓದಿದವರೆಲ್ಲ ತಪ್ಪು ಬರೆದು ಓದದವರು ಸರಿ ಬರೆದಿದ್ರೆ, ಕಾಯಿಲೆ ಹುಡುಗರಿಗಲ್ಲ ಕಣೋ, ಪ್ರಶ್ನೆಗೆ" ಅನ್ನುವಳು. ನಾನು ಬಸ್ ಓಡಿಸುವವನು, ಬರೀ ಹೂಂಗುಟ್ಟುತ್ತಿದ್ದೆ.

'ಕೊಡಬಾರದ, ಮಾಡಬಾರದ' ಎಂಬಂಥ 'ಬಾರದ' ಪ್ರಶ್ನೆಗಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಅವಸರದಲ್ಲಿ ಆ 'ಬಾರದ' ಕಣ್ಣು ತಪ್ಪಿಸುತ್ತೆ. ಡಾಕ್ಟರಾಗೋರಿಗೆ ಏನು ಕೊಡಬೇಕು ಅಂತ ಕೇಳ್ಬೇಕಪ್ಪಾ, ಒಗಟು ಹಾಕಬಾರದು." ಅದಕ್ಕೇ ಈ ಸಲ 'ಉಬ್ಬಸ ಜೋರಾದ ರೋಗಿಗೆ ಕೊಡಬಾರದ ಔಷಧ ಯಾವುದು?' ಎಂಬ ಹಳೇ ಪ್ರಶ್ನೆಯನ್ನು 'ತಕ್ಷಣ ಕೊಡಬೇಕಾದ ಔಷಧ ಯಾವುದು?' ಎಂದು ತಿದ್ದಿದಳು. ಆಯ್ಕೆಗಳಲ್ಲೂ ಒಂದೆರಡನ್ನು ಬದಲಾಯಿಸಿದಳು. ಉತ್ತರಪಟ್ಟಿಯಲ್ಲಿ ಸರಿಯುತ್ತರ ಮಾತ್ರ ಹಳೇದೇ ಉಳಿಯಿತು! ಉಸಿರುನಾಳ ಬಿಗಿಯುವ ಮಾತ್ರೆಗೇ ಅಂಕ ಬಿತ್ತು. ಊರಿಗೆಲ್ಲ ಜರಡಿ ಹಿಡಿಯುವವಳು ತನ್ನ ಹಿಟ್ಟಿನ ಕಲ್ಲನ್ನೇ ಬಿಟ್ಟಿದ್ದಳು.

ನನ್ನ ಮಗನೂ ಅಲ್ಲೇ ಓದುವುದು. ಆ ವಿಷಯದಲ್ಲಿ ಪದೇಪದೇ ಡುಮ್ಕಿ ಹೊಡೆದು ಇದೇ ಕೊನೆಯ ಅವಕಾಶವಾಗಿತ್ತು. ತಪ್ಪಿದರೆ ಕಾಲೇಜಿನಿಂದಲೇ ಹೊರಗೆ. ಸರಿಯಾಗಿ ಪಾಸಿನ ಅಂಕ ಬಂದಿತ್ತು, ಒಂದು ಹೆಚ್ಚಿಲ್ಲ. ಸಂತೋಷಕ್ಕೆ ನಮ್ಮ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಅಂಥ ಹೊತ್ತಿನಲ್ಲಿ ಒಂದು ಬೆಳಗ್ಗೆ ಅಕ್ಕ ಬಂದಳು. ಕೂರಲೂ ಇಲ್ಲ.

"ನಿನ್ನ ಮಗ ಪಾಸಾಗಿದ್ದು ನನ್ನ ತಪ್ಪಿಂದ ಕಣೋ. ಉಬ್ಬಸದ ಪ್ರಶ್ನೆಗೆ ಅವನು ಗುರುತು ಹಾಕಿದ್ದು ಕೊಡಬಾರದ ಮಾತ್ರೆಗೆ. ಪ್ರಿನ್ಸಿಪಾಲರ ಹತ್ರ ಹೋಗ್ತಿದೀನಿ. ಮೊದಲು ನಿಂಗೆ ಹೇಳೋಣ ಅಂತ ಬಂದೆ."

ನಾನು ಬಾಗಿಲಿಗೆ ಅಡ್ಡ ನಿಂತೆ. "ಅಯ್ಯೋ, ನಿನ್ನ ಬಿಟ್ರೆ ಯಾರಿಗೆ ಗೊತ್ತಕ್ಕಾ? ನಿನ್ನ ಜರಡಿಗೆ ಬೆಂಕಿ ಬೀಳ! ನೀನೇ ಎತ್ತಿ ಆಡಿಸಿದ ಮಗು ಕಣೇ ಅದು!"

"ಸರಿಯಾಗಿ ಬರೆದೂ ಫೇಲಾದ ಹುಡುಗಿ ಒಬ್ಬಳಿದಾಳೆ. ಅವಳಿಗೂ ಇದೇ ಕೊನೆ. ನಂಗೇನು ಖುಷೀನೇನೋ?"

"ಅವಳು ಯಾರೋ! ಇವನು ನಮ್ಮವನು!" ಎಂದು ಕಿರುಚಿದೆ. ನನಗೆ ನಾಚಿಕೆಯೇನೂ ಆಗಲಿಲ್ಲ. ಆ ಹುಡುಗಿ ಹಾಳಾಗಿ ಹೋಗಲಿ ಎಂದೇ ಅನಿಸಿತು.

ಈ ರಂಪಕ್ಕೆ ನನ್ನ ಹೆಂಡತಿಗೆ ಉಬ್ಬಸ ಎದ್ದಿತು. ಅವಳಿಗದು ಹಳೇ ಕಾಯಿಲೆ. ಒಳಗಿದ್ದ ಮಗ ಓಡಿಬಂದು, ಅವಳನ್ನು ನೆಟ್ಟಗೆ ಕೂರಿಸಿ, ಇನ್ಹೇಲರ್ ಕುಲುಕಿ ಬಾಯಿಗಿಟ್ಟ. ನನಗೆ ಹೋದ ಜೀವ ಬಂದಂತಾಯಿತು.

"ನೋಡೇ, ನೋಡು! ಅವನಿಗೆ ಗೊತ್ತು! ಏನು ಕೊಡಬೇಕು ಅಂತ ಗೊತ್ತು!"

ಅಕ್ಕನ ಮುಖದಲ್ಲೂ ಆಸೆ ಮೂಡಿತು, ಸುಳ್ಳಲ್ಲ. ಬಗ್ಗಿ ಮೆಲ್ಲಗೆ ಕೇಳಿದಳು, "ಪುಟ್ಟಾ, ಅದರಲ್ಲಿರೋ ಔಷಧ ಯಾವುದೋ? ಪತ್ರಿಕೆಯಲ್ಲಿ ಅದೇ ಮೊದಲನೇ ಆಯ್ಕೆ ಇತ್ತು."

ಮಗ ಇನ್ಹೇಲರ್ ತಿರುಗಿಸಿ ಹೆಸರು ಓದಲು ಹೋದ.

ಅವನಮ್ಮ ಅದನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅವನ ಮುಖವನ್ನೇ ನೋಡುತ್ತ ಕಾದಳು. ಹುಟ್ಟಿದಾಗಿನಿಂದ ದಿನಾ ಕಂಡ ವಸ್ತು. ಅವನು ತಲೆ ತಗ್ಗಿಸಿದ.

"ರೀ," ಎಂದಳು, ಮಾತಿಗೊಮ್ಮೆ ಏದುಸಿರು ಬಿಡುತ್ತ. "ಬಾಗಿಲು ಬಿಡಿ. ಅತ್ತಿಗೆ ಹೋಗ್ಲಿ."