ನಾಗರಕಲ್ಲಿಗೆ ಹೊಸ ಕಟ್ಟೆ

ಉತ್ತರಹಳ್ಳಿಯಾಚೆ ನಾನು ಬಾಡಿಗೆಗಿರುವ ಮನೆಯ ಹಿಂದೆ ಒಂದು ಗುಂಡುತೋಪು ಉಳಿದುಕೊಂಡಿದೆ. ಹಳೇ ಊರಿನವರು ಎಲ್ಲರಿಗೂ ಸೇರಿದ್ದೆಂದು ಬಿಟ್ಟ ಜಾಗ. ಹುಣಸೆ, ಹೊಂಗೆ, ಒಂದು ಅರಳಿಮರ, ಅದರ ಬುಡದಲ್ಲಿ ನಾಗರಕಲ್ಲುಗಳು. ನಗರದ ಹೊಸ ಯೋಜನೆಯ ಕರಡು ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣವಿತ್ತು. ಮನೆ ಕಟ್ಟಲು ಬಿಡುವ ಹಳದಿಗೆ ಅದನ್ನು ಬದಲಾಯಿಸಿ ಎಂದು ಯಾರೋ ಕೇಳಿದ್ದರು. ಬೇಡವೆಂದು ನಾವು ಕೆಲವರು ಆಕ್ಷೇಪಣೆ ಸಲ್ಲಿಸಿದ್ದೆವು. ಸೋಮವಾರ ಅಧಿಕಾರಿಗಳು ಸ್ಥಳ ನೋಡಲು ಬರುವವರಿದ್ದರು.

ಅದೇ ಹೊತ್ತಿಗೆ ನಮ್ಮ ಓನರ್‌ಗೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿತು. ಒಂದು ಕಾಲಕ್ಕೆ ಇಲ್ಲೇ ರಾಗಿ ಬೆಳೆಯುತ್ತಿದ್ದವರು, ಈಗ ಬಾಡಿಗೆ ಕಟ್ಟಡಗಳ ಯಜಮಾನರು.

"ನಾಗಪ್ಪ ಬಿಸ್ಲಲ್ಲಿ ಕೂತವ್ನೆ ಸಾರ್. ಮೇನ್ ರೋಡ್ ಪಕ್ಕ ಗ್ರಾನೈಟ್ ಕಟ್ಟೆ ಕಟ್ಸಿದೀನಿ. ಭಾನುವಾರ ಕಲ್ಲು ಎತ್ತಿ ಅಲ್ಲಿಗೆ ಇಡ್ತೀವಿ. ಊಟಕ್ಕೆ ಬನ್ನಿ."

ನಾಗರಕಲ್ಲಿರುವ ಮರಕ್ಕೆ ನಮ್ಮ ಕಡೆ ಯಾರೂ ಕೊಡಲಿ ಹಾಕುವುದಿಲ್ಲ. ಕಲ್ಲು ಎದ್ದರೆ ಅದು ಬರೀ ಮರ, ಮರ ಬಿದ್ದರೆ ಬರೀ ಜಾಗ. ಸೋಮವಾರ ಬಂದವರಿಗೆ ಬರೀ ಜಾಗ ಕಾಣಲಿ ಎಂದೇ ಈ ಭಕ್ತಿಯೇ? ಓನರ್‌ ದೊಡ್ಡಮ್ಮನನ್ನೇ ಕೇಳಿದೆ. ಆ ಕಲ್ಲುಗಳಿಗೆ ಹಾಲಿನ ತನಿ ಎರೆಯುತ್ತಾ ಬಂದವರು ಅವರು, ನಮಗೆಲ್ಲ ಅಜ್ಜಿ.

"ಬಿಸ್ಲು ಅಂತ ನಾಗಪ್ಪ ಯಾವತ್ತು ಹೇಳ್ದ? ಇವ್ನಿಗೆ ಎಸಿ ಬೇಕಾದ್ರೆ ನಾಗಪ್ಪನ್ಗೂ ಬೇಕಾ?" ಅಂದರು ಅಜ್ಜಿ.

ಭಾನುವಾರ ಪೂಜಾರಿ ಇನ್ನೂ ಬಂದಿರಲಿಲ್ಲ. ತೋಪಿನ ಕಡೆಯಿಂದ ಜೆಸಿಬಿ ಸದ್ದು ಕೇಳಿ ಓಡಿದೆ. ಯಂತ್ರ ಅರಳಿಮರದ ಹತ್ತಿರವೇ ಇತ್ತು. ಬುಡದ ಪೊದೆಯ ಹಿಂದೆ ಅಜ್ಜಿ ಕೂತು ಹಾಲೆರೆಯುತ್ತಿದ್ದರು. ಅವರಿಗೆ ಕಿವಿ ಮಂದ. ಯಂತ್ರದ ಬಕೆಟ್ ಮೇಲೆದ್ದು ಅವರ ಕಡೆ ಇಳಿಯತೊಡಗಿತು. ನಾನು ಏನೆಂದು ಕೂಗಿದೆನೋ ಇಂದಿಗೂ ನೆನಪಿಲ್ಲ. ಬಕೆಟ್ ನಿಂತಿತು. ಅದರ ಹಲ್ಲಿನಿಂದ ಉದುರಿದ ಮಣ್ಣು ಅಜ್ಜಿಯ ಬಿಳಿಕೂದಲಿನ ಮೇಲೆ ಬಿತ್ತು. ಬಸ್ಸಿಗೆ ಕಾಯುವಾಗ, ಹಲ್ಲುಜ್ಜುವಾಗ, ಈಗಲೂ ಆ ಮಣ್ಣು ಉದುರುತ್ತಲೇ ಇರುತ್ತದೆ.

ಉತ್ತರ ಕರ್ನಾಟಕದ ಆಪರೇಟರ್ ಇಳಿದು ನೆಲದ ಮೇಲೇ ಕೂತುಬಿಟ್ಟ. "ಕಲ್ಲು ಆಗ್ಲೇ ಎತ್ಯಾರ, ಅಲ್ಲಿ ಯಾರೂ ಇರೂದಿಲ್ಲ ಅಂದಿದ್ರರೀ."

"ಯಾರು ಅಂದಿದ್ದು?"

ಅವನು ಓನರ್ ಕಡೆ ನೋಡಿದ. ಅವರು ನನಗಿಂತ ಮೊದಲೇ ಬಂದು ಹುಣಸೆಮರದ ಕೆಳಗೆ ನಿಂತಿದ್ದರು.

"ಪೂಜೆಗೆ ಜನ ಬರ್ತಾರಲ್ಲ, ಗಿಡಗಂಟಿ ಕ್ಲೀನ್ ಮಾಡ್ಸಣ ಅಂತ ಕರ್ಸ್ದೆ," ಎಂದು ಅಜ್ಜಿಗೂ ಕೇಳುವಂತೆ ಕೂಗಿ ಹೇಳಿದರು.

ಅಜ್ಜಿ ತಲೆ ಕೊಡವಿಕೊಳ್ಳುತ್ತಾ ಕೇಳಿದರು: "ನಾನೂ ಗಿಡಗಂಟಿನೇನ್ಲಾ ಮಗ?"

ಅಂದು ಕಲ್ಲು ಏಳಲಿಲ್ಲ. ಕತ್ತಲಾಗುವವರೆಗೂ ಅಜ್ಜಿ ಅಲ್ಲಿಂದ ಏಳಲೇ ಇಲ್ಲ.

ಸೋಮವಾರ ಬಂದ ಅಧಿಕಾರಿಗೆ ನಾನು ಕಂಡದ್ದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: "ಇಲ್ಲಿ ಪೂಜೆ ಈಗ್ಲೂ ನಡೆಯುತ್ತಾ?"

ಓನರ್ ಮುಂದೆ ಬಂದರು. "ನಮ್ಮ ತಾತನ ಕಾಲದಿಂದ್ಲೂ ಸಾರ್. ಈ ತೋಪು ಅಂದ್ರೆ ನಮ್ಗೆ ಪ್ರಾಣ."

ನಕ್ಷೆಯಲ್ಲಿ ಹಸಿರು ಹಾಗೇ ಉಳಿಯಿತು. ಎಲ್ಲರೂ ಖುಷಿಪಟ್ಟರು. ನನಗೆ ಮಾತ್ರ ಓನರ್ ಅಷ್ಟು ಬೇಗ ಒಪ್ಪಿದ್ದನ್ನು ನಂಬಲಾಗಲಿಲ್ಲ.

ಮೊನ್ನೆ ಓನರ್ ನನ್ನನ್ನು ಗೇಟಿನ ಬಳಿ ನಿಲ್ಲಿಸಿದರು. "ನೀವು ಹೇಳಿದ್ದೇ ಕರೆಕ್ಟ್ ಸಾರ್. ನಾಗಪ್ಪ ಅಲ್ಲೇ ಇರ್ಲಿ. ಸುತ್ತ ಒಂದು ದೇವಸ್ಥಾನ ಕಟ್ಟಣ. ಪಕ್ಕದಲ್ಲೊಂದು ಮದುವೆ ಹಾಲ್. ಕಮಿಟೀಲಿ ನಿಮ್ ಹೆಸರೂ ಹಾಕಿದೀನಿ."

"ಎಷ್ಟು ದೊಡ್ಡದು?"

"ದೇವ್ರಿಗೆ ಯಾರಾದ್ರೂ ಅಳತೆ ಹಾಕ್ತಾರಾ ಸಾರ್?" ನಕ್ಕರು.

ನೇರ ಅಜ್ಜಿಯ ಬಳಿ ಹೋದೆ. ದೇವಸ್ಥಾನ, ಹಾಲ್ ಎಂದು ತೋಪೇ ಹೋಗುತ್ತದೆ, ಇನ್ನೊಂದು ಆಕ್ಷೇಪಣೆ ಹಾಕೋಣ, ನೀವೇ ಮೊದಲು ನಿಲ್ಲಬೇಕು ಎಂದೆ. ಅವರು ಕೈಲಿದ್ದ ಹಾಲಿನ ಚೊಂಬು ಕೆಳಗಿಟ್ಟರು.

"ದೇವಸ್ಥಾನ ಬ್ಯಾಡ ಅಂತ ನಾನೆಂಗಪ್ಪ ಹೇಳ್ಲಿ?"