ನೀಲವ್ವ ಒಲ್ಲೆನೆಂದ ನೀರು

ಉಸಿರನ್ನು ಅಳೆದು ಕೊಟ್ಟ ಪರಶಿವನಿಗೆ ಮೊದಲು ಶರಣು. ಅಕ್ಷರ ತಿದ್ದಿಸಿದ ಗುರುವಿಗೆ, ಅನ್ನವಿತ್ತ ಎರೆಭೂಮಿಗೆ ಶರಣು. ಕಟುವಾದ ನಾಲಿಗೆಯ ಹಿಂದೆಯೂ ಎಂಥ ಧೈರ್ಯವಿರಬಲ್ಲದೆಂದು ನನಗೆ ತೋರಿಸಿದ ಆ ಕರುಣೆಯನ್ನು ನೆನೆದು ನೀಲವ್ವನ ವಿಷಯವಾಗಿ ಬರೆಯುತ್ತಿದ್ದೇನೆ.

ನೀಲವ್ವನ ಎಡಗೈಯನ್ನು ಮುಟ್ಟಿದರೆ ಒಳಗೆ ಏನೋ ಗುಂಯ್‌ಗುಡುತ್ತಿತ್ತು. ಎಂಬತ್ತರ ದಶಕದ ಕೊನೆಯ ವರ್ಷಗಳವು. ಆಕೆಯ ಮೂತ್ರಪಿಂಡಗಳು ಕೆಟ್ಟು, ವಾರಕ್ಕೆರಡು ಸಲ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರಕ್ತವನ್ನು ಯಂತ್ರಕ್ಕೆ ಹಾಯಿಸಿ ತೊಳೆಯಬೇಕಾಗಿತ್ತು. ಡಯಾಲಿಸಿಸ್ ಎಂಬ ಆ ಶಬ್ದವನ್ನು ನಮ್ಮೂರು ಶಲವಡಿ ಅದೇ ಮೊದಲು ಕೇಳಿದ್ದು. ಸೂಜಿ ಚುಚ್ಚಲು ಅನುಕೂಲವಾಗಲೆಂದು ವೈದ್ಯರು ಮುಂಗೈಯ ರಕ್ತನಾಳಗಳನ್ನು ಕೂಡಿಸಿದ್ದರು; ಒಳಗೆ ಸದ್ದು ಮಾಡುತ್ತಿದ್ದುದು ಅಲ್ಲಿ ರಭಸದಿಂದ ಹರಿಯುವ ರಕ್ತ. ಆಕೆ ಅದನ್ನು ಸೆರಗಿನಲ್ಲಿ ಮುಚ್ಚಿಡಲಿಲ್ಲ. ಕಂಡವರ ಬೆರಳನ್ನೆಳೆದು ಅದರ ಮೇಲಿಟ್ಟು, "ಗಿರಣಿ ನಡದೈತಿ ನೋಡ್ರಿ. ಜ್ವಾಳ ತಂದ್ರ ಬೀಸಿಕೊಡತೇನಿ," ಎನ್ನುತ್ತಿದ್ದಳು.

ಆಕೆಯ ಮನೆಯ ಎದುರಿಗೇ ನನ್ನ ಮನೆ. ಸಂಜೆ ಪುರಾಣ ಹೇಳುತ್ತ ಕುಳಿತರೆ ನನ್ನ ಧ್ವನಿಗಿಂತ ಆಕೆಯ ಬೈಗುಳವೇ ದೂರ ಕೇಳುತ್ತಿತ್ತು. ಗಂಡ ತೀರಿಕೊಂಡ ಮೇಲೆ ಹೊಲವನ್ನು ಒಬ್ಬಳೇ ಮಾಡಿಸಿದ ಹೆಣ್ಣು. ಯಾರಿಗೂ ತಗ್ಗಿ ಮಾತನಾಡಿದ್ದನ್ನು ನಾನು ಕಾಣೆ. ರೋಗದ ಸುದ್ದಿ ಹರಡಿ ಓಣಿಯ ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಬಂದಾಗ ಬಾಗಿಲಲ್ಲೇ ತಡೆದಳು. "ಯಾಕ ಬೇ, ಇನ್ನೂ ಬೆಚ್ಚಗ ಅದೇನಿ, ಅಷ್ಟರಾಗ ಅಳಾಕ ಬಂದ್ರ್ಯಾ? ಹೋಗ್ರಿ, ರೊಟ್ಟಿ ಹೊತ್ತೀತು!"

ಯಂತ್ರದ ಬಗೆಗೆ ನಾನು ಸಮಾಧಾನ ಹೇಳಹೊರಟರೆ ಆಕೆಯೇ ನನಗೆ ಸಮಾಧಾನ ಹೇಳಿದಳು. "ಶಾಸ್ತ್ರಿಗೋಳ, ಅದು ನನ್ನ ಹೊಸಾ ಸೊಸಿ ಇದ್ದಂಗ. ಅದನ್ನ ಬಿಟ್ಟು ಬಾಳೇ ಆಗೂದಿಲ್ಲ, ಖರೆ. ಆದ್ರ ಮನ್ಯಾಗ ಮಾತು ನಂದ ನಡೀಬೇಕು." ಹಾಗೆಯೇ ನಡೆಸಿದಳು. ಆಸ್ಪತ್ರೆಯ ದಿನಗಳಲ್ಲಿ ನಸುಕಿಗೇ ಸಿದ್ಧಳಾಗಿ ಬಸ್ಸು ಹಿಡಿಯುವಳು. ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದ ಮಗ ನಿಲ್ದಾಣಕ್ಕೆ ಬಂದು ಕರೆದೊಯ್ಯುವನು. ಉಳಿದ ದಿನಗಳಲ್ಲಿ ಹತ್ತಿ ಬಿಡಿಸುವ ಆಳುಗಳ ಬೆನ್ನ ಹಿಂದೆಯೇ ಇರುವಳು.

ಕಷ್ಟವೆಂದರೆ ನೀರಿನದು. ದಿನಕ್ಕೊಂದು ಸಣ್ಣ ಗಿಂಡಿಯಷ್ಟೇ ಕುಡಿಯಬೇಕೆಂಬುದು ವೈದ್ಯರ ಕಟ್ಟಳೆ. ಬೇಸಗೆಯಲ್ಲಿ ಬಾಯಿ ಮುಕ್ಕಳಿಸಿ ಉಗುಳುವಾಗ ಸೂರ್ಯನಿಂದ ಹಿಡಿದು ವೈದ್ಯರವರೆಗೆ ಎಲ್ಲರನ್ನೂ ಬೈಯುವಳು. "ನುಂಗಬ್ಯಾಡಂದಾರ, ಬೈಬ್ಯಾಡಂದಿಲ್ಲ."

ಈ ಕಟ್ಟಳೆಯೇ ಹಗೆಗೆ ಕಾರಣವಾಯಿತು. ಜಗಳವಾಡಿದ ಮನೆಗಳು ಮತ್ತೆ ಒಂದಾಗುವಾಗ ಬೆಲ್ಲ ತಿಂದು, ಕೊಟ್ಟ ನೀರನ್ನು ಕುಡಿಯುವುದು ನಮ್ಮ ಕಡೆಯ ರೀತಿ. ನೀರನ್ನು ಒಲ್ಲೆನೆಂದರೆ ಮನೆಯನ್ನೇ ಒಲ್ಲೆನೆಂದಂತೆ. ಗಂಡನ ಅಣ್ಣ ಚೆನ್ನಬಸಪ್ಪನೊಡನೆ ಹೊಲದ ಬದುವಿಗಾಗಿ ಬಹುಕಾಲ ನಡೆದ ಜಗಳ ಮುಗಿದು, ಅವನ ಮಗಳ ನಿಶ್ಚಯಕ್ಕೆ ನೀಲವ್ವ ಹೋದಳು. ಬೆಲ್ಲ ಬಾಯಿಗಿಟ್ಟು, ತಂಬಿಗೆಯನ್ನು ಮುಟ್ಟದೆ ಸರಿಸಿದಳು. "ಇವತ್ತಿಂದು ಮುಗದೈತಿ," ಎಂದು ತನ್ನ ಗಿಂಡಿಯ ಲೆಕ್ಕ ಹೇಳಿದಳಷ್ಟೇ. ಬೀಗರು ಮುಖ ಮುಖ ನೋಡಿಕೊಂಡರು. ಅಂದಿನಿಂದ ಚೆನ್ನಬಸಪ್ಪ ಅವಳ ನೆರಳನ್ನೂ ಸೋಕಿಸಿಕೊಳ್ಳುತ್ತಿರಲಿಲ್ಲ.

ಆ ವರ್ಷದ ಮಳೆ ಬಿಡದೆ ಹಿಡಿಯಿತು. ಎರೆಮಣ್ಣು ಕಲಸಿದ ಹಿಟ್ಟಿನಂತಾಗಿ ಬಸ್ಸು ಊರೊಳಗೆ ಬರುವುದನ್ನು ಬಿಟ್ಟಿತು. ನೀಲವ್ವನ ಒಂದು ಸರದಿ ತಪ್ಪಿತು. ಮತ್ತೊಂದು ತಪ್ಪಿದರೆ ನೀರು ಎದೆಗೇರಿ ಉಸಿರು ನಿಲ್ಲುವುದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಡಾಂಬರು ರಸ್ತೆಯವರೆಗೆ ಆ ಕೆಸರನ್ನು ದಾಟಬಲ್ಲದ್ದು ಚೆನ್ನಬಸಪ್ಪನ ಟ್ರ್ಯಾಕ್ಟರ್ ಒಂದೇ. ಎರಡನೆಯ ಸರದಿಯ ದಿನ ಬೆಳಗ್ಗೆ ನೀಲವ್ವ ಏದುಸಿರು ಬಿಡುತ್ತ ನನ್ನನ್ನು ಕರೆದುಕೊಂಡು ಅವನ ಕಟ್ಟೆಯ ಮುಂದೆ ಬಂದು ನಿಂತಳು.

ಅವನು ಆಕೆಯತ್ತ ನೋಡದೆ ನನಗೆ ಹೇಳಿದನು: "ನಮ್ಮ ಮನಿ ನೀರು ಒಲ್ಲದಾಕಿಗೆ ನಮ್ಮ ಟ್ರ್ಯಾಕ್ಟರ ಹೆಂಗ ನಡೀತೈತಿ, ಕೇಳ್ರಿ ಶಾಸ್ತ್ರಿಗೋಳ."

"ಕುಡಿಯಾಕ ಬಂದಿಲ್ಲ, ಕುಂಡ್ರಾಕ ಬಂದೇನಿ ಅಂತ ಹೇಳ್ರಿ," ಎಂದಳು ನೀಲವ್ವ, ಅವಳೂ ನನಗೇ.

"ಬೀಗರ ಮುಂದ ನನ್ನ ಮೂಗು ಕೊಯ್ದಾಳ."

"ಮೂಗು ಇನ್ನೂ ಉದ್ದನ್ನ ಐತಿ, ಮುಟ್ಟಿ ನೋಡಕೊಳ್ರಿ ಅನ್ರಿ."

"ನೀರಿಲ್ಲದ ಯಾರರ ಬದಕತಾರೇನ್ರಿ? ಎಲ್ಲಾ ನೆವ!"

ಗಂಡನ ಅಣ್ಣನಿಗೆ ಮುಖವೆತ್ತಿ ಮಾತನಾಡಬಾರದೆಂಬ ಪದ್ಧತಿಯನ್ನು ಮುರಿದು ಆಗ ನೀಲವ್ವ ಭಾವನ ಮುಖವನ್ನೇ ನೇರವಾಗಿ ನೋಡಿದಳು. ಬಾಗಿ, ಊದಿದ ಕಾಲಿನ ಮೇಲೆ ಹೆಬ್ಬೆರಳನ್ನು ಒತ್ತಿ ತೆಗೆದಳು. ಹಸಿಮಣ್ಣಿನಲ್ಲಿ ಒತ್ತಿದಂತೆ ಕುಳಿ ಹಾಗೆಯೇ ಉಳಿಯಿತು.

"ನೋಡ್ರಿ. ಕುಡದದ್ದೆಲ್ಲಾ ಇಲ್ಲೇ ಕುಂತೈತಿ, ಹೊರಗ ಹೋಗೂದಿಲ್ಲ. ನಿಮ್ಮ ನೀರು ಕೆಟ್ಟದ್ದಂತ ಒಲ್ಲೆ ಅಂದಿಲ್ಲರಿ, ನನ್ನೊಳಗ ಜಾಗಾ ಇಲ್ಲ. ಮಠದಾಗ ತೀರ್ಥ ತಂಬಿಗಿಲೇ ಕುಡೀತೀರೇನು? ಒಂದು ಚಮಚ ತರ್ರಿ, ಈಗ ಕುಡೀತೇನಿ. ತಂಬಿಗಿನ ಆಗಬೇಕಂದ್ರ ಅದನ್ನೂ ತರ್ರಿ, ನಿಮ್ಮ ಹೊಸ್ತಿಲದಾಗ ಸಾಯತೇನಿ. ಹೊರಾಕ ಮಂದಿನ್ನೂ ಕರೀರಿ."

ಚೆನ್ನಬಸಪ್ಪ ಆ ಕುಳಿಯನ್ನು ನೋಡಿದನು. ಒಳಗೆ ಹೋಗಿ ಚಮಚದಲ್ಲಿ ನೀರು ತಂದನು. ಆಕೆ ಅಂಗೈಯೊಡ್ಡಿ ಕುಡಿದು, ಒದ್ದೆಗೈಯನ್ನು ನೆತ್ತಿಗೆ ಸವರಿಕೊಂಡಳು. ಅವನ ಮುಖ ಮಾತ್ರ ಸಡಿಲಲಿಲ್ಲ.

"ಹತ್ತಂತ ಹೇಳ್ರಿ ಆಕಿಗೆ."

"ಸಾವಕಾಶ ಹೊಡೀರಂತ ಹೇಳ್ರಿ ಅವರಿಗೆ. ಜೀವಂತ ಮುಟ್ಟಬೇಕು."

ಟ್ರೇಲರಿನಲ್ಲಿ ಗೋಣಿಚೀಲ ಹೊದ್ದು ಕುಳಿತು, ಪ್ರತಿ ತಗ್ಗಿಗೂ ಭಾವನನ್ನು ಬೈಯುತ್ತ ಕೆಸರಿನಲ್ಲಿ ದೂರವಾದ ನೀಲವ್ವನನ್ನು ನಾನು ಕಂಡದ್ದು ಅದೇ ಕೊನೆ. ಅದೇ ವಾರ ನಾನು ದೇವಿಕೊಪ್ಪದ ಪಾಠಶಾಲೆಗೆ ಹೊರಟುಹೋದೆ. ಅವಳು ಮುಂದೆ ಕೆಲವು ಮಳೆಗಾಲಗಳನ್ನು ಕಂಡಳಂತೆ. ಬಸ್ಸು ಬಾರದ ದಿನ ಚೆನ್ನಬಸಪ್ಪನೇ ಒಯ್ದನಂತೆ. ಆದರೂ ಅಂದಿನ ಬಳಿಕ ಕೊನೆಯವರೆಗೆ ಇಬ್ಬರೂ ಒಬ್ಬರೊಡನೊಬ್ಬರು ನೇರವಾಗಿ ಒಂದು ಮಾತೂ ಆಡಲಿಲ್ಲವಂತೆ. ಆಮೇಲೊಂದು ದಿನ ಅವಳು ತೀರಿಕೊಂಡ ಸುದ್ದಿ ಬಂದಿತು. ಅವಳಿಲ್ಲದ ಶಲವಡಿಗೆ ಈಗ ಹೋದರೆ ಆ ಓಣಿಯ ಮೌನ ನನ್ನ ಕಿವಿಗೆ ಇನ್ನೂ ಒಗ್ಗುವುದಿಲ್ಲ.

ಸೂಜಿ ಚುಚ್ಚಿ ಬೈಸಿಕೊಂಡ ದಾದಿಯರಿಗೆ, ಅಳಲು ಬಂದು ಬೈಸಿಕೊಂಡ ನೆರೆಯವರಿಗೆ, ನಿಲ್ದಾಣದಲ್ಲಿ ಕಾದ ಮಗನಿಗೆ, ಮುನಿಸು ಬಿಡದೆಯೂ ಬಂಡಿ ಹೊಡೆದ ಚೆನ್ನಬಸಪ್ಪನಿಗೆ ಶಿವನು ಒಳ್ಳೆಯದನ್ನು ಮಾಡಲಿ. ನೀಲವ್ವನನ್ನು ತನ್ನ ಪಾದದಲ್ಲಿಟ್ಟುಕೊಳ್ಳಲಿ. ಯಾರ ಸಿಟ್ಟೂ ಯಾರ ದಾರಿಗೂ ಅಡ್ಡ ಬಾರದಿರಲಿ.