ಅರ್ಧ ಕ್ಷೌರ

ಆ ಬೀದಿಯ ಗಂಡಸರಿಗೆ ಯುದ್ಧದ ಮೇಲಿದ್ದ ಸಿಟ್ಟಿಗಿಂತ ಕತ್ತರಿಯಮ್ಮನ ಮೇಲಿದ್ದ ಸಿಟ್ಟೇ ಹೆಚ್ಚು. ಯುದ್ಧವನ್ನು ಬೈದರೆ ಪೊಲೀಸರು ಎಳೆದೊಯ್ಯುತ್ತಿದ್ದರು. ಕತ್ತರಿಯಮ್ಮನನ್ನು ಬೈದರೆ ಕೇಳುವವರಿರಲಿಲ್ಲ. ಹಾಗಾಗಿ ಬಾಯಿಗೆ ಬಂದಂತೆ ಬೈದರು. ಅವಳೂ ಬಾಯಿ ಮುಚ್ಚಿಕೊಂಡು ಕೂರುವ ಪೈಕಿಯಲ್ಲ, ಒಂದಕ್ಕೆ ಎರಡು ಸೇರಿಸಿ ತಿರುಗಿ ಕೊಡುತ್ತಿದ್ದಳು.

ಕ್ಷೌರದಂಗಡಿ ಅವಳ ಅಪ್ಪನದು. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಬೆಳೆದ ಮಗಳು ಕೂದಲು ಗುಡಿಸುತ್ತ, ಚರ್ಮದ ಪಟ್ಟಿಗೆ ಕತ್ತಿ ಉಜ್ಜುತ್ತ, ಕಡೆಗೆ ಅಪ್ಪನ ಗಡ್ಡವನ್ನೇ ಹೆರೆಯುತ್ತ ಕೆಲಸ ಕಲಿತಳು. ಆದರೆ ಗಿರಾಕಿಯ ಕೆನ್ನೆಗೆ ಹೆಣ್ಣಿನ ಕೈ ತಾಗಬಾರದಲ್ಲ! ಅಪ್ಪ ಕೆಲಸಕ್ಕಿದ್ದ ಹುಡುಗನಿಗೇ ಅವಳನ್ನು ಕೊಟ್ಟು ಮದುವೆ ಮಾಡಿ ಕಣ್ಣು ಮುಚ್ಚಿದ. ಅಂಗಡಿ ಅಪ್ಪನದು, ಕುರ್ಚಿ ಅಪ್ಪನದು, ಗಂಡನೂ ಒಂದು ಲೆಕ್ಕದಲ್ಲಿ ಅಪ್ಪ ತಂದುಕೊಟ್ಟದ್ದೇ. ಗಂಡ ಕೆಟ್ಟವನೇನಲ್ಲ. ಎಷ್ಟೋ ಸಂಜೆ ಅವಳ ಕೈಯಿಂದಲೇ ಕ್ಷೌರ ಮಾಡಿಸಿಕೊಂಡು ಮೆಚ್ಚಿಕೊಳ್ಳುತ್ತಿದ್ದ. ಬಾಗಿಲು ಹಾಕಿದ ಮೇಲೆ ಮಾತ್ರ.

ಯುದ್ಧ ಬಂತು, ಗಂಡನನ್ನು ಕರೆದೊಯ್ದಿತು. ಅವನ ರೈಲು ಹೊರಟ ಮಾರನೆಯ ದಿನವೇ ಭಾವ, ಅಂದರೆ ಗಂಡನ ಅಣ್ಣ, ಹಾಜರಾದ. ವಯಸ್ಸು ಮೀರಿದ್ದರಿಂದ ಅವನನ್ನು ಸೈನ್ಯಕ್ಕೆ ತೆಗೆದುಕೊಂಡಿರಲಿಲ್ಲ. ಎದುರುಗಡೆ ಇದ್ದಿಲು ಮಾರುತ್ತಿದ್ದ.

"ಅಂಗಡಿ ಸುಮ್ನೆ ಯಾಕೆ ಖಾಲಿ ಬಿಡೋದು? ನಾನು ಇದ್ದಿಲು ತುಂಬಿಸ್ಕೋತೀನಿ. ನಿನ್ನ ಹೊಟ್ಟೆಪಾಡು ನಾನು ನೋಡ್ಕೋತೀನಮ್ಮ" ಅಂದ.

"ನನ್ನ ಹೊಟ್ಟೆ ನಾನೇ ನೋಡ್ಕೋತೀನಿ ಭಾವ. ನಿಮ್ಮದು ನೀವು ನೋಡ್ಕೊಳ್ಳಿ, ದಿನೇ ದಿನೇ ಮುಂದೆ ಬರ್ತಿದೆ" ಅಂದಳು ಇವಳು, ಅಂದು ಅಂಗಡಿಯ ಬಾಗಿಲು ತೆರೆದಳು.

ತೆರೆದು ನೊಣ ಹೊಡೆಯುತ್ತ ಕೂತಳು. ಬೀದಿಯಲ್ಲಿ ಉಳಿದಿದ್ದ ಗಂಡಸರು ಗಡ್ಡ ಬಿಟ್ಟರೇ ಹೊರತು ಒಳಗೆ ಕಾಲಿಡಲಿಲ್ಲ. ಅವಳಿಗೆ ಅನ್ನ ಕೊಟ್ಟಿದ್ದು ಊರಾಚೆಯ ಮದ್ದುಗುಂಡಿನ ಕಾರ್ಖಾನೆ. ಗಂಡಸರಿಲ್ಲದೆ ಅಲ್ಲಿ ಹೆಂಗಸರನ್ನು ಸೇರಿಸಿಕೊಂಡಿದ್ದರು. ಒಬ್ಬಳ ಜಡೆ ಯಂತ್ರದ ಪಟ್ಟಿಗೆ ಸಿಕ್ಕಿ, ತಲೆಯ ಚರ್ಮವೇ ಕಿತ್ತುಬಂತು. ಮರುದಿನ ಗೇಟಿನಲ್ಲಿ ಅಪ್ಪಣೆಯಾಯಿತು: ಕೂದಲು ಕತ್ತರಿಸಿಕೊಂಡು ಬಂದವರಿಗೆ ಮಾತ್ರ ಕೆಲಸ.

ಮೊದಲು ಬಂದವಳು ಪಕ್ಕದ ಮನೆಯ ಗೆಳತಿ. ಮೊಣಕಾಲು ಮುಟ್ಟುವ ಜಡೆ ಅವಳದು.

"ಎಷ್ಟು ಗಿಡ್ಡ ಮಾಡ್ಲೇ?"

"ಯಂತ್ರಕ್ಕೆ ಸಿಗದಷ್ಟು ಮಾಡೇ ಮಾರಾಯ್ತಿ, ನನಗೆ ನನ್ನ ತಲೆ ಬೇಕು."

ಕತ್ತರಿಸಿದ ಮೇಲೆ ಗೆಳತಿ ಕನ್ನಡಿಯ ಮುಂದೆ ತಲೆ ಅತ್ತ ಇತ್ತ ಆಡಿಸಿ, ಕುತ್ತಿಗೆಗೆ ಗಾಳಿ ತಾಗಿದ್ದಕ್ಕೆ ಹುಡುಗಿಯಂತೆ ನಕ್ಕಳು. ಆಮೇಲೆ ಹಿಂಡು ಹಿಂಡಾಗಿ ಬಂದರು. ಬೆಂಚು ಸಾಲದೆ ಹೊಸ್ತಿಲ ಮೇಲೂ ಕೂತರು, ಗಟ್ಟಿಯಾಗಿ ಮಾತಾಡಿದರು, ಸಂಬಳ ಬಂದ ದಿನ ಗಂಡಸರಂತೆ ಕಾಲ ಮೇಲೆ ಕಾಲು ಹಾಕಿದರು. ಎದುರು ನಿಂತ ಭಾವನಿಗೆ ಮೈಯೆಲ್ಲ ಉರಿಯಿತು. ನಮ್ಮ ಬೀದಿಯ ಮಾನ ಈ ಹೆಂಗಸಿನ ಕತ್ತರಿಗೆ ಸಿಕ್ಕು ಹೋಯಿತು ಎಂದು ಇದ್ದಿಲು ಕೊಳ್ಳಲು ಬಂದವರ ಮುಂದೆಲ್ಲ ಹಲುಬಿದ. ಯಂತ್ರಕ್ಕೆ ಸಿಕ್ಕು ನೆತ್ತಿ ಕಳೆದುಕೊಂಡವಳ ಬಗ್ಗೆ ಈ ಮಾನವಂತರು ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಪಕ್ಕದ ಮನೆಯ ಗೆಳತಿಯ ಗಂಡ ಸೈನ್ಯದಿಂದ ರಜೆಯ ಮೇಲೆ ಬಂದ. ಹೆಂಡತಿಯ ತಲೆ ನೋಡಿದ್ದೇ ತಡ, ಕೈಯೆತ್ತಿದ. ಏಟು ತಪ್ಪಿಸಿಕೊಳ್ಳಲು ಅವಳು ಬೀದಿಗೇ ಕೇಳುವಂತೆ ಕೂಗಿದಳು: "ನಾನಲ್ಲ! ಅವಳೇ ಪುಸಲಾಯಿಸಿ ಕತ್ತರಿಸಿಬಿಟ್ಟಳು!" ಅಂದು ಸಂಜೆ ಅಂಗಡಿಯ ಕನ್ನಡಿಗೆ ಕಲ್ಲು ಬಿತ್ತು, ಬಾಗಿಲಿಗೆ ಡಾಂಬರು ಬಳಿದರು. ಡಾಂಬರನ್ನು ಸೀಮೆಎಣ್ಣೆ ಹಾಕಿ ತಿಕ್ಕುತ್ತ ಕತ್ತರಿಯಮ್ಮ ಗೆಳತಿಯನ್ನು ಶಪಿಸಿದಳು, ಅವಳ ಊದಿದ ಕೆನ್ನೆ ನೆನಪಾಗಿ ಶಪಿಸುವುದನ್ನು ಬಿಟ್ಟಳು, ಮತ್ತೆ ಶಪಿಸಿದಳು.

ಇರಲಿ, ಗಂಡ ಬರಲಿ, ಎಲ್ಲ ಸರಿಹೋಗುತ್ತದೆ ಎಂದುಕೊಂಡಳು. ಕಣ್ಣಲ್ಲಿ ಕಣ್ಣಿಟ್ಟು ಕಾದಳು.

ಪಾದಕ್ಕೆ ಗುಂಡು ತಗಲಿ, ಇನ್ನು ಬೇಡವೆಂದು ಸೈನ್ಯದವರು ಕಳಿಸಿದ ಗಂಡ, ಪಕ್ಕದ ಮನೆಯವನ ರಜೆ ಮುಗಿಯುವ ಮೊದಲೇ, ಒಂದು ಬೆಳಿಗ್ಗೆ ಬಂದೇ ಬಂದ. ಆದರೆ ರೈಲ್ವೆ ನಿಲ್ದಾಣದಲ್ಲೇ ಭಾವ ಅವನನ್ನು ಹಿಡಿದು, ಚಹಾ ಕುಡಿಸಿ, ಸಾಕಷ್ಟು ಕಿವಿಯೂದಿದ್ದ. ಊರುಗೋಲು ಊರುತ್ತ ಬಂದವನ ಹಿಂದೆ ಅರ್ಧ ಬೀದಿಯೇ ಇತ್ತು. ಬೆಂಚಿನ ಮೇಲೆ ಕಾಯುತ್ತಿದ್ದ ಕಾರ್ಖಾನೆಯ ಹೆಂಗಸರು ಎದ್ದು ಗೋಡೆಗಂಟಿ ನಿಂತರು. ಹೇಗಿದ್ದೀಯ ಅನ್ನಲಿಲ್ಲ ಅವನು. ನೇರ ಬಂದು ಕುರ್ಚಿಯಲ್ಲಿ ಕೂತ.

"ಗಡ್ಡ ತೆಗಿ. ಇದೇ ಕೊನೆ. ಆಮೇಲೆ ಕತ್ತಿ, ಕತ್ತರಿ ಎಲ್ಲ ನನ್ನ ಕೈಗೆ ಕೊಟ್ಟು ಒಳಗೆ ಹೋಗು."

ಎಲ್ಲರೆದುರು ಬೇಡ, ಆಮೇಲೆ ಮಾತಾಡಿದರಾಯಿತು ಎಂದು ಅವಳು ನೊರೆ ಹಚ್ಚಿದಳು. ತುಂಬ ಬಡವಾಗಿದ್ದ ಮುಖ. ಕೆನ್ನೆಯ ಗುಳಿಯಲ್ಲಿ ಕತ್ತಿಯನ್ನು ಹಗುರಾಗಿ ಆಡಿಸಿದಳು. ಎಡಗೆನ್ನೆ ಮುಗಿಸಿ ಗಂಟಲಿನ ಮೇಲೆ ಕತ್ತಿ ಇಟ್ಟಳು.

ಅವನು ಬಾಗಿಲಲ್ಲಿದ್ದವರಿಗೂ ಕೇಳುವಂತೆ ಹೇಳಿದ: "ಪಕ್ಕದ ಮನೆಗೆ ಹೋಗಿ ಅವರ ಯಜಮಾನರ ಕಾಲು ಹಿಡಿದು ತಪ್ಪಾಯ್ತು ಅನ್ನಬೇಕು ನೀನು. ಅಂಗಡೀಲಿ ಅಣ್ಣ ಇದ್ದಿಲು ಹಾಕ್ಕೊಳ್ಳಲಿ. ಕ್ಷೌರ ಮಾಡೋಕೆ ನನಗೆ ಒಂದು ಮೂಲೆ ಸಾಕು."

ಕತ್ತಿ ಗಂಟಲಿನ ಮೇಲೆಯೇ ಇತ್ತು. ಒತ್ತಿಬಿಡಲೇ ಅನ್ನಿಸಿತು ಅವಳಿಗೆ. ನಿಜವಾಗಿಯೂ ಅನ್ನಿಸಿತು. ಆ ಯೋಚನೆಗೆ ತಾನೇ ಬೆದರಿ ಕೈ ಹಿಂದೆಗೆದಳು, ಕತ್ತಿ ಮಡಚಿದಳು.

"ಏಳು ಮೇಲೆ."

ಮದುವೆಯಾದಂದಿನಿಂದ ಗಂಡನಿಗೆ ನೀವು, ತಾವು ಎಂದೇ ಅಂದವಳು. ಅವನಿಗೆ ಅರ್ಥವಾಗದೆ, "ಇನ್ನೊಂದು ಕಡೆ?" ಅಂದ.

"ಇನ್ನೊಂದು ಕಡೆ ನಿಮ್ಮಣ್ಣನ ಕೈಲಿ ಮಾಡಿಸ್ಕೋ. ಈ ಕುರ್ಚಿ ನಮ್ಮಪ್ಪಂದು. ಏಳು."

ಭಾವ ಏನೋ ಹೇಳಲು ಬಾಯಿ ತೆರೆದ. ಅವಳು ತಿರುಗಿ ನೋಡಿದಳು, ಅವನು ಒಂದು ಹೆಜ್ಜೆ ಹಿಂದೆ ಸರಿದ. ಗಂಡ ಎದ್ದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ನೊರೆ, ಊರುಗೋಲು ತಡಕುತ್ತ ಹೊರಗೆ ಹೋದ. ಯಾರೋ ಕಿಸಕ್ಕನೆ ನಕ್ಕರು. ಅವಳಿಗೆ ನಗು ಬರಲಿಲ್ಲ. ಅವನು ರಸ್ತೆ ದಾಟಿ ಇದ್ದಿಲಂಗಡಿ ಹೊಕ್ಕು ಕಾಣದಾಗುವವರೆಗೂ ನೋಡಿದಳು.

"ಮುಂದಿನವರು ಯಾರು?" ಎಂದು ಕೇಳಿದಳು.

ಬಾಗಿಲ ತುಂಬ ಗಂಡಸರು. ಗೋಡೆಗೆ ಅಂಟಿ ನಿಂತವರಲ್ಲಿ ಯಾರೂ ಮಿಸುಕಲಿಲ್ಲ. ಆಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ತಲೆ ತಗ್ಗಿಸಿ ಬಂದು ಕೂತಳು. ಕತ್ತರಿಯಮ್ಮ ಅವಳ ಕೊರಳಿಗೆ ಬಟ್ಟೆ ಸುತ್ತಿ ಜಡೆಯನ್ನು ಮುಷ್ಟಿಯಲ್ಲಿ ಹಿಡಿದಳು. ಕತ್ತರಿಯನ್ನು ಒಮ್ಮೆ ಎತ್ತಿ, ಮತ್ತೆ ಕೆಳಗಿಳಿಸಿದಳು.

"ಭಯ ಆಗ್ತಿದ್ಯಾ ಅಕ್ಕಾ?" ಹುಡುಗಿ ಮೆಲ್ಲಗೆ ಕೇಳಿದಳು.

"ಆಗ್ತಿದೆ. ನೀನು ಅಲ್ಲಾಡಬೇಡ" ಎಂದು ಕತ್ತರಿ ಹಾಕಿದಳು.